ಹಿಂದೆ ಚಾಚಿದ ಕೈ

ಕೆಲಸ ಮಾಡುವಾಗ ನಾನು ಹಿಂದೆ ತಿರುಗಿ ನೋಡುವವನಲ್ಲ. ಬಲಗೈಯಲ್ಲಿ ಸ್ಕ್ರೂಡ್ರೈವರ್, ಮೊಣಕಾಲ ಕೆಳಗೆ ಹಲಗೆ. ಎಡಗೈಯನ್ನು ಬೆನ್ನ ಹಿಂದೆ ಚಾಚಿದರೆ ಸಾಕು, ನನ್ನ ಹೆಂಡತಿ ಸುಲ್ತಾನಾ ಅಂಗೈಯಲ್ಲಿ ಸ್ಕ್ರೂ ಇಡುತ್ತಿದ್ದಳು. ಬೇಕಾದ ಅಳತೆಯದ್ದೇ, ತಲೆ ನನ್ನ ಬೆರಳಿಗೆ ಸಿಗುವ ಹಾಗೆ. ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಮೂರು ತಿಂಗಳು ಕೈ ಚಾಚುತ್ತಿದ್ದೆ, ಖಾಲಿ ಕೈ ಖಾಲಿಯಾಗಿಯೇ ಮುಂದೆ ಬರುತ್ತಿತ್ತು. ಹನ್ನೊಂದು ವರ್ಷದ ರೂಢಿ, ಬಿಡು ಎಂದರೆ ಬಿಡುತ್ತದೆಯೇ?

ನಾನು ಸಿಂದಗಿಯ ದಿಲಾವರ. ಮೊದಲು ಬಡಿಗ, ಈಗ ಜನ ಫಿಟ್ಟರ್ ಅನ್ನುತ್ತಾರೆ. ಎಲ್ಲರೂ ಫೋನಿನಲ್ಲಿ ಕಪಾಟು ತರಿಸುತ್ತಾರೆ. ಬರುವುದು ಕಪಾಟಲ್ಲ, ರಟ್ಟಿನ ಪೆಟ್ಟಿಗೆಯಲ್ಲಿ ಹಲಗೆಗಳ ಕಟ್ಟು ಮತ್ತು ಒಂದು ಹಾಳೆ. ಮನೆಯ ಯಜಮಾನ ಇದೇನು ಮಹಾ ಕೆಲಸ ಎಂದು ಲುಂಗಿ ಎತ್ತಿ ಕಟ್ಟಿ ಕೂರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ನನಗೆ ಫೋನ್ ಬರುತ್ತದೆ.

ಇಂಡಿ, ಸಿಂದಗಿಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಇದೆ, ಆದರೆ ಲಿಫ್ಟಿನ ಕನ್ನಡಿಗೆ ಗೀರು ಬಿದ್ದೀತು ಎಂದು ವಾಚ್‌ಮನ್ ನಮ್ಮನ್ನು ಮೆಟ್ಟಿಲು ಹತ್ತಿಸುತ್ತಾನೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹಳೇ ಕಟ್ಟಡಗಳಲ್ಲಿ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಪೆಟ್ಟಿಗೆಯನ್ನು ಬೀದಿಯಿಂದ ಹಗ್ಗ ಕಟ್ಟಿ ಎಳೆಯಬೇಕು. ಅಲ್ಲಿ ಒಂದು ನೆಲವೂ ಸಮ ಇಲ್ಲ. ಸುಲ್ತಾನಾ ಎಲ್ಲಿಗೂ ಬರುತ್ತಿದ್ದಳು. ಬೈಕಿನಲ್ಲಿ ನನ್ನ ಹಿಂದೆ ಕೂತು, ಮಡಿಲಲ್ಲಿ ಹತಾರದ ಚೀಲ, ಮೇಲೆ ರೊಟ್ಟಿ ಗಂಟು. ಕೆಲಸ ಮುಗಿದ ಮೇಲೆ ಗಿರಾಕಿಯ ಬಾಲ್ಕನಿಯಲ್ಲಿ ಕೂತು ಉಣ್ಣುತ್ತಿದ್ದೆವು. "ಒಂದ ತಾಸು ಈ ಮನಿ ನಮ್ದ ಅಂತ ತಿಳಕೋರಿ" ಎಂದು ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದಳು. ಎಷ್ಟು ಮನೆ ನಮ್ಮವಾಗಿದ್ದವು ಆಗ!

ಹಾಳೆ ಓದುವುದು ಅವಳ ಕೆಲಸ. ಒಂಬತ್ತನೇ ಇಯತ್ತೆ ಕಲಿತವಳು. ಆ ಚಿತ್ರಗಳನ್ನು ನೋಡಿ ಹಲಗೆಯ ಅಂಚಿನ ಮೇಲೆ, ಜೋಡಿಸಿದ ಮೇಲೆ ಕಾಣದಂಥ ಜಾಗದಲ್ಲಿ, ಪೆನ್ಸಿಲಿನಿಂದ 'ಮೇಲೆ', 'ಕೆಳಗೆ', 'ಎಡ', 'ಬಲ' ಎಂದು ಬರೆದಿಡುತ್ತಿದ್ದಳು. ನಾನು ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಕಟ್ಟಿಗೆ ನೋಡಿ ಕೆಲಸ ಮಾಡುವವನಿಗೆ ಕಾಗದವೇಕೆ ಎಂಬ ಸೊಕ್ಕು ನನ್ನದು.

ಅವಳದೇ ಇನ್ನೊಂದು ಪದ್ಧತಿ ಇತ್ತು. ಪ್ರತಿ ಪೆಟ್ಟಿಗೆಯಲ್ಲಿ ಒಂದೋ ಎರಡೋ ಸ್ಕ್ರೂ ಹೆಚ್ಚಿಗೆ ಬರುತ್ತವೆ. ಅವನ್ನು ಗಿರಾಕಿಗೆ ಕೊಟ್ಟರೆ ಆಯಿತು, ಎಲ್ಲೋ ಹಾಕುವುದನ್ನು ಬಿಟ್ಟಿದ್ದೀರಿ ಎಂದು ತಿಂಗಳುಗಟ್ಟಲೆ ಜೀವ ತಿನ್ನುತ್ತಾರೆ. ಅದಕ್ಕೆ ಕೊನೆಗೆ ಸುಲ್ತಾನಾ ನನ್ನ ಮುಂದೆ ಅಂಗೈ ಚಾಚುವಳು, ಉಳಿದದ್ದನ್ನು ಅವಳ ಕೈಗೆ ಹಾಕುವೆ. ಸೆರಗಿನಲ್ಲಿ ಗಂಟು ಕಟ್ಟಿ ಮನೆಗೆ ಒಯ್ದು ಚಹಾಪುಡಿಯ ಖಾಲಿ ಡಬ್ಬಿಗೆ ಹಾಕುವಳು. ಅವಳು ಗಂಟು ಹಾಕಿದಳೆಂದರೆ ಕೆಲಸ ಮುಗಿಯಿತು ಎಂದರ್ಥ.

ಜಗಳ ಆದದ್ದು ಇಂಡಿಯಲ್ಲಿ, ಹೊಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಹೈಸ್ಕೂಲಿನ ಟೀಚರ್ ಪ್ರಜ್ಞಾ ಅವರ ಮನೆ. ಪುಸ್ತಕಗಳಿಗೆಂದು ಎರಡು ಕದದ ಕಪಾಟು ತರಿಸಿದ್ದರು. ಅವರ ತಾಯಿ ಶೆಟ್ಟೆವ್ವ ಕುರ್ಚಿ ಹಾಕಿಕೊಂಡು ಜಾತ್ರೆಯ ಆಟ ನೋಡಿದಂತೆ ನಮ್ಮನ್ನು ನೋಡುತ್ತಿದ್ದರು. ಬಿಸಿಲು, ಮೂರು ಮಹಡಿ ಪೆಟ್ಟಿಗೆ ಹೊತ್ತಿದ್ದೆ, ತಲೆ ಕಾದಿತ್ತು.

"ಆ ಹಲಗಿ ತಲಿಕೆಳಗ ಆಗೇತಿ ನೋಡ್ರಿ" ಎಂದಳು ಸುಲ್ತಾನಾ.

"ಇಲ್ಲ, ಬರೋಬ್ಬರಿ ಐತಿ."

"ಹಾಳ್ಯಾಗ ಬ್ಯಾರೆ ಐತ್ರಿ. ಕದ ಕೂಡೂದಿಲ್ಲ."

ನಾನು ಎಂದೆ, ಎಲ್ಲರಿಗೂ ಕೇಳುವ ಹಾಗೆ: "ಹೆಣ್ಮಕ್ಕಳ ಬುದ್ಧಿ ಮೊಳಕಾಲ ಕೆಳಗ. ಸ್ಕ್ರೂ ಕೊಡೂದು ನಿನ್ನ ಕೆಲಸ, ಅಷ್ಟ ಮಾಡು."

ಶೆಟ್ಟೆವ್ವ ನಕ್ಕರು. ಸುಲ್ತಾನಾ ಹಾಳೆಯನ್ನು ಮಡಚಿ ಕಿಟಕಿಯಲ್ಲಿಟ್ಟಳು. ಸ್ಕ್ರೂಗಳನ್ನು ಸಾಲಾಗಿ ನೆಲದ ಮೇಲೆ ಜೋಡಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು, ದನಿ ಏರಿಸದೆ, "ಯಾರ ಮುಂದ ಅಂದೀರಿ, ಅವರ ಮುಂದನ ಆ ಮಾತು ತಿರುಗಿ ತಗೋರಿ. ಅಲ್ಲಿತನಕ ನಾ ತಾಂಬಾದಾಗ ಇರ್ತೇನಿ" ಎಂದು ಚಪ್ಪಲಿ ಮೆಟ್ಟಿ ಕೆಳಗಿಳಿದಳು. ತಾಂಬಾ ಅವಳ ತವರು. ತಮ್ಮ ಶಮಶುದ್ದೀನ ಅಲ್ಲಿದ್ದಾನೆ.

ನಾನು ಹಿಂದೆ ಓಡಲಿಲ್ಲ. ಕದ ಕೂಡಲಿಲ್ಲ, ಹಾಗಾಗಿ ಡ್ರಿಲ್ ಹಿಡಿದು ಹೊಸ ತೂತು ಕೊರೆದು ಜಬರದಸ್ತಿಯಿಂದ ಕೂಡಿಸಿದೆ. ಮೂರು ಸ್ಕ್ರೂ ಉಳಿದವು. ಅಂಗೈ ಚಾಚುವವರಿರಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡು ಬಂದೆ.

ಆಮೇಲೆ ಎರಡು ಸಲ ತಾಂಬಾಕ್ಕೆ ಹೋದೆ. ಮೊದಲ ಸಲ ಬರಿಗೈಲಿ, ಎರಡನೇ ಸಲ ಜಿಲೇಬಿ ಹಿಡಿದು. ಎರಡೂ ಸಲ ಬಾಗಿಲಲ್ಲೇ ಕೇಳಿದಳು, "ಅವರ ಮುಂದ ಆ ಮಾತು ತಿರುಗಿ ತಗೊಂಡ್ರೇನು?" ಇಲ್ಲ ಎಂದೆ. ಒಳಗೆ ಹೋದಳು. ಜಿಲೇಬಿ ಶಮಶುದ್ದೀನನ ಮಕ್ಕಳು ತಿಂದರು. ಗಿರಾಕಿಯ ಮುಂದೆ ಹೋಗಿ ನನ್ನ ಹೆಂಡತಿಯ ಮಾತೇ ಖರೆ ಎನ್ನುವುದೇ? ನಾಳೆ ನನ್ನನ್ನು ಯಾರು ಕೆಲಸಕ್ಕೆ ಕರೆದಾರು? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಒಂದು ತಟ್ಟೆ, ಒಂದು ಲೋಟ. ಬೈಕಿನ ಹಿಂದಿನ ಸೀಟಿಗೆ ಈಗ ಹತಾರದ ಚೀಲವನ್ನು ಕಟ್ಟುತ್ತಿದ್ದೆ. ಅವಳು ಬೇಕಾಗಿತ್ತು ನನಗೆ. ಹಾಳೆ ಓದಲು ಅಲ್ಲ, ಸ್ಕ್ರೂ ಕೊಡಲೂ ಅಲ್ಲ. ಅವಳು ಬೇಕಾಗಿತ್ತು, ಅಷ್ಟೇ.

ಪ್ರತಿ ಕೆಲಸದಲ್ಲಿ ಉಳಿದ ಸ್ಕ್ರೂಗಳು ಕಿಸೆಯಲ್ಲೇ ಕೂಡುತ್ತ ಹೋದವು. ಅಂಗಿ ಬದಲಿಸಿದಾಗ ಅವೂ ಆ ಕಿಸೆಯಿಂದ ಈ ಕಿಸೆಗೆ ಬರುತ್ತಿದ್ದವು. ಆ ಡಬ್ಬಿಯನ್ನು ಮುಟ್ಟಲು ನನಗೆ ಕೈ ಬರಲಿಲ್ಲ.

ಕಳೆದ ಭಾನುವಾರ ಪ್ರಜ್ಞಾ ಟೀಚರ್ ಫೋನ್ ಮಾಡಿದರು. "ದಿಲಾವರಣ್ಣ, ಕಪಾಟಿನ ಕದ ಜೋತಬಿದ್ದಾವ. ಮುಚ್ಚೊಲ್ಲವು, ಬಂದ ನೋಡ್ರಿ."

ಹೋದೆ. ಕದಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ವಾಲಿದ್ದವು. ಪುಸ್ತಕವೆಲ್ಲ ಕೆಳಗಿಳಿಸಿ ಗೋಡೆಗೆ ಒಟ್ಟಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ? "ನಿಮ್ಮ ನೆಲ ಸಮ ಇಲ್ರಿ ಟೀಚರ್" ಎಂದೆ.

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ" ಎಂದರು ಕುರ್ಚಿಯಲ್ಲಿದ್ದ ಶೆಟ್ಟೆವ್ವ. "ಹೊಸಾ ಕಟ್ಟಡ ಐತೋ ತಮ್ಮಾ. ನಿನ್ನ ಹೇಣ್ತಿ ಎಲ್ಲಿ?"

ನಾನು ಸ್ಕ್ರೂ ಬಿಚ್ಚತೊಡಗಿದೆ. ಬಲಬದಿಯ ಹಲಗೆಯನ್ನು ಕಳಚಿ ಗೋಡೆಗೆ ಆನಿಸಿದಾಗ ಅದರ ಅಂಚು ಬೆಳಕಿಗೆ ಬಂತು. ಕೆಳತುದಿಯಲ್ಲಿ ಪೆನ್ಸಿಲಿನ ಅಕ್ಷರ, ಅವಳ ದುಂಡು ಅಕ್ಷರ: 'ಮೇಲೆ'. ಅದರ ಮೇಲೇ ನಾನು ಪಟ್ಟಿ ಕೂಡಿಸಿ ಮುಚ್ಚಿದ್ದೆ.

ಮುಂದಿನದನ್ನು ಬಿಚ್ಚಿದೆ. 'ಎಡ'. ಇನ್ನೊಂದು. 'ಬಲ, ಎರಡನೇ ಖಾನೆ'. ಹಿಂಬದಿಯ ತೆಳು ಹಲಗೆಯ ಮೂಲೆಯಲ್ಲಿ ಬೇರೆ ಮಾತಿತ್ತು: 'ಹಗುರ'. ಸಿಟ್ಟು ಬಂದರೆ ನಾನು ಸ್ಕ್ರೂವನ್ನು ಹಲಗೆ ಸೀಳುವಷ್ಟು ಬಿಗಿಯುತ್ತೇನೆ. ಅದು ಅವಳಿಗೆ ಗೊತ್ತಿತ್ತು. ನಾಲ್ಕೂ ಮೂಲೆಗೆ ಬರೆದಿದ್ದಳು. ಹಗುರ, ಹಗುರ, ಹಗುರ, ಹಗುರ. ನಾನು ನಾಲ್ಕೂ ಕಡೆ ಸೀಳಿದ್ದೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆನೆಂದು ಹೇಳಲು ನನಗೆ ನಾಚಿಕೆ ಇಲ್ಲ. ಪ್ರಜ್ಞಾ ಟೀಚರ್ ನೀರು ತರಲು ಒಳಗೆ ಹೋದರು. ಶೆಟ್ಟೆವ್ವ ಮಾತ್ರ ಹೋಗಲಿಲ್ಲ.

ಆಮೇಲೆ ಅವಳ ಅಕ್ಷರ ಹೇಳಿದಂತೆ ಜೋಡಿಸಿದೆ. ಒಂದೇ ಒಂದು ಸಲವೂ ನನ್ನ ಬುದ್ಧಿ ಉಪಯೋಗಿಸಲಿಲ್ಲ. ಕದಗಳು ತಾವಾಗಿ ಬಂದು ಕೂಡಿದವು. ಹಿಂದೆ ನಾನು ಕೊರೆದ ತೂತುಗಳಿಗೆ ಕಟ್ಟಿಗೆ ಪುಡಿ, ಅಂಟು ಕಲಸಿದ ಲಪ್ಪ ತುಂಬಿದೆ, ಆದರೂ ಕಲೆ ಉಳಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಒಂದು ಸ್ಕ್ರೂ ಉಳಿಯಿತು.

ಎದ್ದು ನಿಂತು ಶೆಟ್ಟೆವ್ವನ ಕಡೆ ತಿರುಗಿದೆ. "ಅವತ್ತ ನಿಮ್ಮ ಮುಂದ ನನ್ನ ಹೇಣ್ತಿಗೆ ಒಂದ ಮಾತ ಅಂದಿದ್ದೆ. ಆಕಿ ಹೇಳಿದ್ದು ಖರೇ ಇತ್ತು. ನಂದ ತಪ್ಪು. ಆ ಮಾತ ತಿರುಗಿ ತಗೊಂಡೇನ್ರಿ."

ಅವರು ಕುರ್ಚಿಯಿಂದ ಎದ್ದರು. "ನಕ್ಕಾಕಿ ನಾನೂ ಇದ್ದೆ. ನನಗೊಬ್ಬಾಕಿಗೆ ಹೇಳಿದ್ರ ಏನ್ ಬಂತು? ಆಕಿ ಎಲ್ಲಿ ಅದಾಳ?"

"ತಾಂಬಾದಾಗ."

"ಗಾಡಿ ತಗಿ."

ಮಗಳು ಬೇಡವೆಂದರೂ ಕೇಳದೆ, ಸೆರಗು ಬಿಗಿದು, ಎಪ್ಪತ್ತರ ಮುದುಕಿ ನನ್ನ ಬೈಕಿನ ಹಿಂದೆ ಕೂತಿತು. ಮೂರು ತಿಂಗಳು ಬರೀ ಚೀಲ ಕೂತಿದ್ದ ಜಾಗ ಅದು. ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ಶೆಟ್ಟೆವ್ವ ನನ್ನನ್ನು ಬೈದರು. ನಾನು ಒಂದಕ್ಕೂ ಎದುರಾಡಲಿಲ್ಲ.

ಶಮಶುದ್ದೀನನ ಅಂಗಳದಲ್ಲಿ ಸುಲ್ತಾನಾ ಪಾತ್ರೆ ತೊಳೆಯುತ್ತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿದಳು. ನನ್ನನ್ನು ನೋಡಿದಳು, ಸೊಂಟ ಹಿಡಿದು ಇಳಿಯುತ್ತಿದ್ದ ಶೆಟ್ಟೆವ್ವನನ್ನು ನೋಡಿದಳು. ಮೂರು ತಿಂಗಳಲ್ಲಿ ಸೊರಗಿದ್ದಳು. ಬರುತ್ತಾಳೋ ಇಲ್ಲವೋ ಎಂದು ನಾನು ಬೈಕಿನ ಪಕ್ಕದಲ್ಲೇ ನಿಂತೆ.

"ಅವ್ವಾ, ಕದ ಮುಚ್ಚತಾವೇನ್ರಿ?" ಎಂದು ಅವರನ್ನೇ ಕೇಳಿದಳು.

"ಮುಚ್ಚತಾವ ಮಗಳ. ಇಂವನ ಬಾಯಿನೂ ಮುಚ್ಚೇತಿ. ಅವತ್ತ ನಕ್ಕದ್ದು ನಂದೂ ತಪ್ಪು."

ಶಮಶುದ್ದೀನ ಹೊರಗೆ ಬಂದ, ಅವನ ಹೆಂಡತಿಯೂ ಬಂದಳು. ಎಲ್ಲರ ಮುಂದೆ ನಾನು ಹೇಳಿದೆ: "ಹಲಗಿ ತಲಿಕೆಳಗ ಇತ್ತು. ನೀ ಬರದದ್ದು ನೋಡೇನಿ. ಹಗುರ ಬಿಗಿದೇನಿ ಈ ಸಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಹೆಜ್ಜೆ ಮುಂದೆ ಬಂದು ನನ್ನೆದುರು ಅಂಗೈ ಚಾಚಿದಳು.

ಕಿಸೆಗೆ ಕೈ ಹಾಕಿ ಅವತ್ತಿನ ಒಂದು ಸ್ಕ್ರೂ ಹುಡುಕಿದೆ. ಅದು ಬೇರೆಯಾಗಿ ಸಿಗಲಿಲ್ಲ. ಕಿಸೆಯಲ್ಲಿ ಇದ್ದಷ್ಟನ್ನೂ ಹಿಡಿ ಮಾಡಿ ಅವಳ ಕೈಗೆ ಸುರಿದೆ, ಕೆಲವು ಬೆರಳ ಸಂದಿಯಿಂದ ಅಂಗಳಕ್ಕೆ ಉದುರಿದವು.

"ಇವೆಲ್ಲ ಯಾವಾಗಿನವು?"

"ನೀ ಹ್ವಾದಾಗಿನಿಂದ."

"ಡಬ್ಬಿ ಇರ್ಲಿಲ್ಲೇನ್ರಿ ಮನ್ಯಾಗ?"

"ಡಬ್ಬಿ ಇತ್ತು" ಎಂದೆ.

ಅವಳು ಬಗ್ಗಿ, ಉದುರಿದವನ್ನೂ ಆರಿಸಿಕೊಂಡಳು. ಎಲ್ಲವನ್ನೂ ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ಆಮೇಲೆ ಬಾಗಿಲ ಬದಿಯಲ್ಲಿ ತನ್ನ ಚಪ್ಪಲಿ ಹುಡುಕತೊಡಗಿದಳು.