ತುಟಿ ನೋಡುವವಳು

“ದನಿ ಕೆಟ್ಟಿದ್ದು ಯಾವಾಗಿಂದಮ್ಮ?” ಎಂದು ಡಾಕ್ಟರು ಕೇಳಿದ್ದು ಅವಳನ್ನು. ಅವಳ ಗಂಡನ ಗಂಟಲಲ್ಲಿರುವುದು ಕ್ಯಾನ್ಸರು ಎಂದು ಆಗತಾನೇ ಹೇಳಿದ್ದರು. ಅವಳು ತಬ್ಬಿಬ್ಬಾದಳು. ಜೊತೆಗೆ ಬಂದಿದ್ದ ನಾದಿನಿಯೇ ಬಾಯಿ ಹಾಕಿದಳು.

“ವರ್ಷದ ಮೇಲಾಯ್ತು ಡಾಕ್ಟ್ರೇ. ಫೋನಲ್ಲಿ ಮಾತಾಡ್ತಿರೋದು ಅಣ್ಣ ಅಲ್ಲ, ಬೇರೆ ಯಾರೋ ಅಂದ್ಕೊಂಡಿದ್ದೆ ನಾನು. ಒಂದೇ ಮನೇಲಿದ್ದು ನಿಮಗೆ ಗೊತ್ತಾಗ್ಲಿಲ್ವಾ ಅತ್ತಿಗೆ?”

ಗೊತ್ತಾಗಿರಲಿಲ್ಲ. ಗಂಡ ಹೆಂಡಿರಿಬ್ಬರೂ ಮದುವೆಯಾದಾಗಿನಿಂದ ಒಂದೇ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಕರೆಂಟು ಮಗ್ಗಗಳ ಆ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ. ತುಟಿ ನೋಡಿಯೇ ಜಗಳ, ತುಟಿ ನೋಡಿಯೇ ಚಾಡಿ. ಇಬ್ಬರ ಕಿವಿಗಳೂ ಎಂದೋ ಅರ್ಧ ಕೈಕೊಟ್ಟಿದ್ದವು. ಮನೆಯಲ್ಲೂ ಅವನ ತುಟಿ ಅಲುಗಿದರೆ ಸಾಕು, ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದಳು. ಅದೊಂದು ಜಂಬ ಬೇರೆ ಅವಳಿಗೆ.

ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬೇಗ ಬಂದಿದ್ದರೆ ಬರೀ ರೇಡಿಯೇಷನ್ ಕೊಟ್ಟು ಗುಣಪಡಿಸಬಹುದಿತ್ತೇನೋ ಎಂದು ಡಾಕ್ಟರು ಅಂದದ್ದು ಅವಳ ಎದೆಯಲ್ಲಿ ನಾಟಿತು. ಉಸಿರಾಡಲೆಂದು ಅವನ ಕತ್ತಿನಲ್ಲಿ ಮಾಡಿದ್ದ ತೂತಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸುವಾಗಲೆಲ್ಲ, ಇದು ನನ್ನಿಂದಲೇ ಆದದ್ದು ಎಂದು ಒಳಗೊಳಗೇ ಬೇಯುತ್ತಿದ್ದಳು.

ಚಿಕಿತ್ಸೆಯೆಲ್ಲ ಮುಗಿದು ಅವನು ಶೆಡ್ಡಿಗೆ ಮರಳಿದ. ಕತ್ತಿಗೆ ತೆಳು ಬಟ್ಟೆ. ಧೂಳು ತಾಗದಂತೆ ಬಾಗಿಲ ಬಳಿ ಬಟ್ಟೆ ಮಡಿಸುವ ಕೆಲಸ. ಬಂದವನೇ ಮಾಲೀಕನ ನಡಿಗೆಯ ಬಗ್ಗೆ ತುಟಿಯಲ್ಲೇ ಏನೋ ತಮಾಷೆ ಮಾಡಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಿನ್ನ ಗಂಡ ಒಂಚೂರೂ ಬದಲಾಗಿಲ್ಲ ಕಣೇ!” ಎಂದಿತು ಪಕ್ಕದ ಮಗ್ಗದವಳ ತುಟಿ.

ಅವಳಿಗೆ ನಗು ಬರಲಿಲ್ಲ. ಮಧ್ಯಾಹ್ನ ಮಗ್ಗಗಳು ನಿಂತು ಉಳಿದವರು ಊಟಕ್ಕೆ ಹೊರಗೆ ಹೋದಾಗ ಅವನೆದುರು ಕೂತಳು.

“ನಾನು ಸರಿಯಾಗಿ ಕೇಳಿಸ್ಕೊಂಡಿದ್ರೆ ನಿಮ್ಮ ದನಿ ಉಳೀತಿತ್ತು. ನನ್ನದೇ ತಪ್ಪು.”

“ಸಿಗರೇಟು ಸೇದಿದ್ದು ನಾನು, ತಪ್ಪು ನಿಂದಾ? ಚೆನ್ನಾಗಿದೆ ಕಣೇ ನ್ಯಾಯ,” ಎಂದವು ಅವನ ತುಟಿಗಳು. ಆಮೇಲೆ, “ಅದ್ಹೇಗಿತ್ತೇ ನನ್ನ ದನಿ? ನಂಗೇ ಮರೀತಾ ಇದೆ.”

ಅವಳು ಹುಡುಕಿದಳು. ಮದುವೆಯಾದ ಹೊಸದರಲ್ಲಿ ಕರೆದದ್ದು, ರೇಗಿದ್ದು, ಜ್ವರದಲ್ಲಿ ಕನವರಿಸಿದ್ದು ಎಲ್ಲ ನೆನಪಾಯಿತು. ಎಲ್ಲದರಲ್ಲೂ ತುಟಿಯಷ್ಟೇ ಅಲುಗುತ್ತಿತ್ತು.

“ಚೆನ್ನಾಗಿತ್ತು,” ಎಂದಳು, ಮುಖ ಆಚೆ ತಿರುಗಿಸಿಕೊಂಡು.

ಅವನು ಅವಳ ಗಲ್ಲ ಹಿಡಿದು, ತುಟಿ ಕಾಣುವಂತೆ ಮುಖವನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡ.