ಮೂರು ಗೇಣಿನ ಕುರ್ಚಿ

ಅಕ್ಕನ ಮಗಳಿಗೆ ನ್ಯುಮೋನಿಯಾ ವಾಸಿಯಾಗಿ ಮಕ್ಕಳ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಅಕ್ಕ ಹೆಗಲ ಚೀಲ ಕೆಳಗಿಡುವ ಮೊದಲೇ ಅಪ್ಪನ ಹತ್ತಿರ ಒಂದು ಕುರ್ಚಿ ಕೇಳಿದಳು. ಅಪ್ಪ ಬಡಗಿ. ಪಾಪ, ಸುಸ್ತಾಗಿದ್ದಾಳೆ ಎಂದುಕೊಂಡು ಪಕ್ಕದಲ್ಲಿದ್ದ ಕುರ್ಚಿಯನ್ನು ಕಾಲಿನಿಂದಲೇ ಅವಳ ಕಡೆ ತಳ್ಳಿದರು.

ಅವಳಿಗೆ ಬೇಕಾದದ್ದು ಬೇರೆಯದು. ಹಗಲು ಕೂರಬಹುದಾದ, ಬೆನ್ನು ಕೆಳಗಿಳಿಸಿದರೆ ಮಲಗಬಹುದಾದ ಕುರ್ಚಿ. ಆ ವಾರ್ಡಿನಲ್ಲಿ ಮಗುವಿಗೆ ಮಂಚ, ತಾಯಿಗೆ ಒಂದು ಸ್ಟೂಲು. ತೂಕಡಿಕೆ ಬಂದರೆ ಮಂಚದ ಅಂಚಿಗೆ ತಲೆ ಇಡಬೇಕು, ಇಲ್ಲವೇ ನೆಲದ ಮೇಲೆ ಉರುಳಿ, ನೆಲ ಒರೆಸುವವಳು ಬಂದಾಗಲೆಲ್ಲ ಎದ್ದು ನಿಲ್ಲಬೇಕು. ಗೋಡೆ ಪಕ್ಕದ ಮಂಚದಲ್ಲಿ ಹೃದಯದ ಆಪರೇಷನ್ ಆಗಿ, ಇನ್ನೂ ತಿಂಗಳುಗಟ್ಟಲೆ ಅಲ್ಲೇ ಇರಬೇಕಾಗಿದ್ದ ಒಬ್ಬ ಹುಡುಗನಿದ್ದ. ಅವನ ತಾಯಿ ಆರೇಳು ತಿಂಗಳ ಬಸುರಿ. ಅಕ್ಕ ಸ್ನಾನಕ್ಕೆ, ಔಷಧಿ ಅಂಗಡಿಗೆ ಹೋದಾಗ ಮಗುವನ್ನು ನೋಡಿಕೊಂಡವಳು ಈ ಬಸುರಿಯೇ. ಹೊಟ್ಟೆ ಹಿಡಿದುಕೊಂಡು ನೆಲದಿಂದ ಏಳುತ್ತಿದ್ದ ಆಕೆಗೆ ಅಕ್ಕ ಮಾತು ಕೊಟ್ಟು ಬಂದಿದ್ದಳು: ನಮ್ಮಪ್ಪ ಬಡಗಿ, ವಾರದೊಳಗೆ ನಿನಗೊಂದು ಕುರ್ಚಿ ಬರುತ್ತದೆ.

ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಚೆನ್ನಾಗಿತ್ತು, ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಮಗು ಬದುಕಿ ಬಂದಿದೆ, ಆಸ್ಪತ್ರೆಯ ಋಣ ಮೈಮೇಲೆ ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳಿದಳು. ನಮ್ಮ ಮರಗೆಲಸದ ಅಂಗಡಿಗೆ ಕೈ ಅಪ್ಪನದು, ಬಾಯಿ ಚಿಕ್ಕಪ್ಪನದು. ಆಸ್ಪತ್ರೆಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಅವರಲ್ಲಿ ಎಷ್ಟು ಜನಕ್ಕೆ ಮಂಚ ಬೀರು ಬೇಕಿರುತ್ತದೆ ಎಂದು ಚಿಕ್ಕಪ್ಪ ಆಗಲೇ ಲೆಕ್ಕ ಹಾಕಿದ್ದರು. ಭಾವ ಎಲ್ಲದಕ್ಕೂ ತಲೆಯಾಡಿಸಿದರು. ಅಪ್ಪ ಕೇಳಿದ್ದು ಒಂದೇ ಮಾತು: ಜಾಗ ಎಷ್ಟಗಲ?

"ಮೂರು ಗೇಣು. ಮಂಚಕ್ಕೂ ಗೋಡೆಗೂ ಮಧ್ಯೆ ನಾನೇ ಅಳೆದು ಬಂದಿದ್ದೀನಿ," ಎಂದಳು ಅಕ್ಕ.

ಅಷ್ಟಕ್ಕೇ ನಿಲ್ಲಿಸಿದ್ದರೆ ವಾರದಲ್ಲಿ ಕುರ್ಚಿ ಆಗುತ್ತಿತ್ತು. ಆದರೆ ಮೊಮ್ಮಗಳ ಹೆಸರಲ್ಲಿ ಕೊಡುವ ಕುರ್ಚಿ ಹಲಗೆ ಹೊಡೆದ ಪೆಟ್ಟಿಗೆಯ ಹಾಗಿರಬಾರದು ಎಂದು ಅಪ್ಪನ ತಲೆಗೆ ಹೊಕ್ಕಿತು. ಕುರ್ಚಿಯ ಎರಡೂ ಕೈಗಳಿಗೆ ದಪ್ಪ ಮರ ಹಾಕಿ, ಅದರ ಮೇಲೆ ಬಳ್ಳಿ ಕೆತ್ತಲು ಕುಳಿತರು. ಬಳ್ಳಿಗೆ ಎಲೆ ಬಂತು. ಎಲೆಗೆ ನರ ಬಂತು. ಅಕ್ಕ ದಿನಾ ಬಂದು ಮುಗೀತಾ ಎಂದು ಕೇಳುವುದು, ಒಳ್ಳೆ ಕೆಲಸಕ್ಕೆ ಅವಸರ ಮಾಡಬಾರದು ಎಂದು ಅಪ್ಪ ಹೇಳುವುದು. ಪಾಲಿಶ್ ಹಾಕುವ ಕೆಲಸ ನನ್ನದು. ಆ ಎಲೆಗಳ ಸಂದಿಯಲ್ಲಿ ಬ್ರಷ್ ಆಡಿಸಿ ನನ್ನ ಕಣ್ಣು ಕೆಂಪಾದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಕ್ಕ ಒಮ್ಮೆ ಅಂದಳು. ಅಪ್ಪ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಕೊನೆಗೆ ಒಂದು ತಿಂಗಳಾದ ಮೇಲೆ ಅಪ್ಪ, ಅಕ್ಕ, ನಾನು ಕುರ್ಚಿಯನ್ನು ವ್ಯಾನಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ವಾರ್ಡಿನ ದೊಡ್ಡ ಸಿಸ್ಟರ್ ಒಳ್ಳೆಯವರೇ. ಕುರ್ಚಿ ಒರೆಸಿಸಿ ಒಳಗೆ ಬಿಟ್ಟರು. ಬಸುರಿ ಹೆಂಗಸು ಸ್ಟೂಲಿನಿಂದ ಎದ್ದು, ಸ್ಟೂಲನ್ನೂ ಎತ್ತಿಕೊಂಡು ಜಾಗ ಬಿಟ್ಟಳು. ನಾನು ಮತ್ತು ಅಪ್ಪ ಕುರ್ಚಿ ತಳ್ಳಿದೆವು. ಬಲಗೈಯ ಬಳ್ಳಿ ಗೋಡೆಗೆ ತಗುಲಿತು, ಎಡಗೈಯ ಬಳ್ಳಿ ಮಂಚಕ್ಕೆ. ಒಳಕ್ಕೆ ಹೋಗಲಿಲ್ಲ.

ಮಂಚಕ್ಕೆ ಚಕ್ರ ಇದೆಯಲ್ಲ, ಸ್ವಲ್ಪ ಸರಿಸಿ ಎಂದು ಅಪ್ಪ ಹೇಳಿದರು. ಆಕ್ಸಿಜನ್ ಪೈಪು ಗೋಡೆಯಲ್ಲಿದೆ, ಆ ಕಡೆಗೆ ಟ್ರಾಲಿ ಓಡಾಡಬೇಕು ಎಂದು ಸಿಸ್ಟರ್ ವಿವರಿಸಿದರು. ಅಪ್ಪ ಮತ್ತೆ ಅದನ್ನೇ ಹೇಳಿದರು.

"ಮಂಚ ಸರಿಸೋಕಾಗಲ್ಲ ಯಜಮಾನ್ರೇ, ನಿಮ್ಮ ಕುರ್ಚಿನೇ ಸಣ್ಣ ಆಗ್ಬೇಕು," ಎಂದರು ಸಿಸ್ಟರ್.

ಅಪ್ಪ ಅಕ್ಕನ ಕಡೆ ತಿರುಗಿ ಎಷ್ಟು ಗೇಣು ಹೇಳಿದ್ದೆ ಎಂದು ಕೇಳಿದರು. ಅಕ್ಕ ಬಗ್ಗಿ ಗೋಡೆಯಿಂದ ಮಂಚದವರೆಗೆ ಅಳೆದು ತೋರಿಸಿದಳು. ಸರಿಯಾಗಿ ಮೂರು. ಅಪ್ಪ ಪಕ್ಕದಲ್ಲೇ ತಮ್ಮ ಕೈ ಊರಿದರು. ಮೊರದಂಥ ಕೈ. ಎರಡು ಗೇಣು ಮುಗಿದು ಮೂರನೆಯದು ಅರ್ಧವಾಗುವ ಮೊದಲೇ ಮಂಚ ಸಿಕ್ಕಿತು. ನಮ್ಮ ಅಂಗಡಿಯಲ್ಲಿ ಗೇಣು ಅಂದರೆ ಅಪ್ಪನ ಗೇಣು. ಅಳತೆಯ ಟೇಪು ಗಿರಾಕಿಗಳಿಗೆ ಕಾಣಲೆಂದು ಮೊಳೆಗೆ ನೇತಾಡುತ್ತದೆ. ಅಕ್ಕನಿಗೂ ಒಂದು ಕೈ ಇದೆ, ಅದು ಅಪ್ಪನದಕ್ಕಿಂತ ಚಿಕ್ಕದು ಎನ್ನುವುದು ಮೂವರಿಗೂ ಹೊಳೆದಿರಲಿಲ್ಲ.

"ನಿನ್ನ ಗೇಣಿಂದು ಅಂತ ಹೇಳ್ಬೇಕಲ್ವೇನೇ?"

"ಅಳೆದೋಳು ನಾನು. ಇನ್ಯಾರ ಗೇಣಲ್ಲಿ ಅಳೀಲಿ?"

ವಾರ್ಡಿನ ತಾಯಂದಿರೆಲ್ಲ ನೋಡುತ್ತಿದ್ದರು. ಬಸುರಿ ಹೆಂಗಸಿಗೆ ಮುಜುಗರವಾಗಿ, ತನಗೆ ಸ್ಟೂಲೇ ಸಾಕು, ಏನೂ ತೊಂದರೆಯಿಲ್ಲ ಎಂದಳು. ಕಾಲು ಬಾತುಕೊಂಡಿದ್ದುದು ನನಗೇ ಕಾಣುತ್ತಿತ್ತು.

ಕುರ್ಚಿಯನ್ನು ವಾಪಸು ಕೆಳಗೆ ತಂದಾಗ ಮುಂಬಾಗಿಲ ಹಜಾರದಲ್ಲಿ ಆಸ್ಪತ್ರೆಯ ಮ್ಯಾನೇಜರ್ ಸಿಕ್ಕಿದರು. ಇಂಥ ಕೆತ್ತನೆಯನ್ನು ಮೇಲಿನ ವಾರ್ಡಿನಲ್ಲಿ ಯಾರು ನೋಡುತ್ತಾರೆ, ಇಲ್ಲೇ ಇಡಿ ಎಂದರು. ಅಪ್ಪ ಸದ್ಯಕ್ಕೆ ಎಂದು ಇಟ್ಟರು. ಮಾರನೆಯ ದಿನ ಚಿಕ್ಕಪ್ಪ ಅದಕ್ಕೆ ಅಜ್ಜನ ಹೆಸರಿನ, ಅಂಗಡಿಯ ವಿಳಾಸದ ಹಿತ್ತಾಳೆ ಪಟ್ಟಿ ಹೊಡೆಸಿದರು. ಅಜ್ಜನ ಹೆಸರಿಗಿಂತ ವಿಳಾಸವೇ ದಪ್ಪಕ್ಷರದಲ್ಲಿತ್ತು. ಅಪ್ಪ ಏನಾದರೊಂದು ನೆಪ ಮಾಡಿಕೊಂಡು ಆ ಕಡೆ ಹೋಗಿ ಬರತೊಡಗಿದರು; ಯಾರು ನಿಂತು ನೋಡಿದರು, ಯಾರು ಎಲೆಯ ಮೇಲೆ ಬೆರಳಾಡಿಸಿದರು ಎಂದು ಊಟದ ಹೊತ್ತಿನಲ್ಲಿ ವರದಿ. ಅಕ್ಕ ಅಷ್ಟೂ ದಿನ ಅವರ ಜೊತೆ ಮಾತು ಬಿಟ್ಟಿದ್ದಳು. ಆಸ್ಪತ್ರೆ ಕಡೆಗೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ನನ್ನ ಹತ್ತಿರ ಅಂದಿದ್ದಳು. ಚಿಕ್ಕಪ್ಪ ಒಂದು ದಿನ, ಈ ಪಾಟಿ ಹೆಸರು ಬಂದಿದೆ, ಇನ್ನೂ ಯಾಕಮ್ಮ ಮುಖ ಊದಿಸಿಕೊಂಡಿದ್ದೀಯ ಎಂದು ಕೆಣಕಿದಾಗ ಅವಳು ಅನ್ನ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು.

"ಚಿಕ್ಕಪ್ಪ, ಅಲ್ಲಿ ಯಾರು ಮಲಗ್ತಾರೆ? ವಾಚ್‌ಮನ್ನಾ?"

"ಮಲಗಲಿ ಬಿಡಮ್ಮ, ಅವನೂ ಮನುಷ್ಯನೇ. ದಾನ ಕೊಟ್ಮೇಲೆ ಯಾರು ಕೂತ್ರು ಅಂತ ನೋಡ್ಬಾರದು."

"ನಾನೇನು ದಾನ ಮಾಡೋಕೆ ಹೊರಟಿರ್ಲಿಲ್ಲ. ಪುಣ್ಯನೂ ಬೇಡ ನನಗೆ. ಆ ಸ್ಟೂಲ್ ಮೇಲೆ ಕೂತು ಬೆನ್ನು ಮುರೀತು, ಸಿಟ್ಟು ಬಂತು, ಅದಕ್ಕೆ ಕೇಳ್ದೆ. ಅವಳಿನ್ನೂ ಅಲ್ಲಿ ನೆಲದ ಮೇಲೆ ಮಲಗಿದ್ದಾಳೆ, ನೀವು ಇಲ್ಲಿ ಎಲೆ ಎಣಿಸ್ತಾ ಕೂತಿದ್ದೀರಿ."

ಅಪ್ಪ ಊಟ ಮುಗಿಸಿದರು. ಕೈ ತೊಳೆದು, ಗರಗಸ ತೆಗೆದುಕೊಂಡು, ನನಗೆ ಬಾ ಎಂದರು. ಅಕ್ಕನೂ ಚಪ್ಪಲಿ ಮೆಟ್ಟಿ ಹಿಂದೆ ಬಂದಳು.

ಕುರ್ಚಿಯನ್ನು ಆಸ್ಪತ್ರೆಯ ಹಜಾರದಿಂದ ಎತ್ತಿಕೊಂಡು ಸೈಕಲ್ ಸ್ಟ್ಯಾಂಡಿಗೆ ಹೋದೆವು. ಮ್ಯಾನೇಜರ್ ಓಡಿ ಬಂದರು, ಅಪ್ಪ ಅವರ ಕಡೆ ನೋಡಲೂ ಇಲ್ಲ. ಕುರ್ಚಿಯ ಒಂದು ಕೈ ಕೊಯ್ದರು, ಆಮೇಲೆ ಇನ್ನೊಂದು. ಇಡೀ ಹೊತ್ತು ಬೈಗುಳ: ಒಂದು ಕಡ್ಡಿ ಇಟ್ಟು ಅಳೆದು ತರಬಾರದಿತ್ತೇ, ಮಂಚವನ್ನು ಗೋಡೆಗೆ ಹಾಗೆ ಅಂಟಿಸಿಟ್ಟ ಮಹಾನುಭಾವ ಯಾರು, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅಕ್ಕನ ಗೇಣಿನಲ್ಲಿ ಅಳೆಸಿ ನೋಡಿದರು. ಮೂರಕ್ಕೆ ಒಂದು ಬೆರಳು ಕಮ್ಮಿ.

ವಾರ್ಡಿನಲ್ಲಿ ಕುರ್ಚಿ ಸಲೀಸಾಗಿ ಒಳಗೆ ಹೋಯಿತು. ಆದರೆ ಆ ಮಂಚದಲ್ಲಿ ಬೇರೆ ಮಗು ಇತ್ತು. ಹುಡುಗನನ್ನು ನಿನ್ನೆಯೇ ಮನೆಗೆ ಕಳಿಸಿದೆವು, ಚೆನ್ನಾಗಿದ್ದಾನೆ ಎಂದರು ಸಿಸ್ಟರ್. ಸ್ಟೂಲಿನ ಮೇಲಿದ್ದ ಹೊಸ ತಾಯಿ ಫೋನಿನಿಂದ ತಲೆ ಎತ್ತಿ, ಇದಕ್ಕೇನು ಬಾಡಿಗೆಯೇ ಎಂದು ಕೇಳಿದಳು.

ಅಕ್ಕನ ಮುಖ ಸಪ್ಪಗಾಯಿತು. ಎತ್ಕೊಂಡು ಹೋಗೋಣ ನಡೆ ಎಂದು ನನಗೆ ಹೇಳಿದಳು. ನಾನು ಕುರ್ಚಿಗೆ ಕೈ ಹಾಕಿದೆ.

"ಬಿಡೋ," ಎಂದರು ಅಪ್ಪ. "ಈ ಜಾಗಕ್ಕೆ ಅಂತ ಕೊಯ್ದಿದ್ದು. ಜಾಗ ಎಲ್ಲೂ ಹೋಗಿಲ್ವಲ್ಲ."

ಹೊಸ ತಾಯಿ ಬೆನ್ನು ಇಳಿಸಿಕೊಂಡು ಒರಗಿದಳು. ಒರಗಿದ ತಕ್ಷಣ, ಕೊಯ್ದ ಕಡೆ ಸಿಬಿರು ಚುಚ್ಚುತ್ತದೆ ಎಂದು ಗೊಣಗಿದಳು. ಅಪ್ಪ ಜೇಬಿನಿಂದ ಉಜ್ಜುಕಾಗದ ತೆಗೆದು, ತಾವೂ ಗೊಣಗುತ್ತ ಉಜ್ಜಲು ಕುಳಿತರು. ಅಕ್ಕ ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು, ಹಲ್ಲು ಕಚ್ಚಿಕೊಂಡು ವಾಪಸು ಬಂದಳು.

"ಆ ಕಡೆ ತಲೆ ಹಾಕ್ಬೇಡಮ್ಮ. ಕಿಟಕಿ ಸಂದಿಯಿಂದ ಗಾಳಿ ಬಡಿಯುತ್ತೆ, ಬೆಳಗ್ಗೆ ಕತ್ತು ತಿರುಗಲ್ಲ. ಏಳು, ಈ ಕಡೆ ತಿರುಗಿಸಿ ಹಾಕಿಕೊಡ್ತೀನಿ."