ಬಾಣಾವರ ಯಾವಾಗ ಬಂತು?

ಸಂತೆ ಮುಗಿಸಿ ಬಸ್ಸಿಗೆ ಕಾಯುವ ಕಷ್ಟ ಯಾರಿಗೆ ಗೊತ್ತಿಲ್ಲ ಹೇಳಿ? ಕಾಲು ಸೋತಿರುತ್ತವೆ, ಚೀಲದ ಹಿಡಿ ಬೆರಳು ಕೊಯ್ಯುತ್ತಿರುತ್ತದೆ, ಬರುವ ಬಸ್ಸುಗಳೆಲ್ಲ ಬಾಗಿಲ ತನಕ ತುಂಬಿಕೊಂಡೇ ಬರುತ್ತವೆ. ಅಂಥ ಹೊತ್ತಿನಲ್ಲಿ ಗುರುತಿನ ಗಾಡಿ ಕಂಡರೆ ಹೋದ ಜೀವ ಬಂದಂತಾಗುತ್ತದೆ. ಆ ದಿನ ಬಾಣಾವರದ ಸಂತೆ ಮುಗಿಸಿ ರಸ್ತೆ ಬದಿಯಲ್ಲಿ ನಿಂತಿದ್ದ ಅರಸೀಕೆರೆಯ ಹನುಮಮ್ಮನಿಗೆ ಕಂಡದ್ದು ಸ್ವಂತ ಗಂಡನೇ ಓಡಿಸಿಕೊಂಡು ಬರುತ್ತಿದ್ದ ಲಾರಿ.

ಗಂಡ ಉಗ್ರಪ್ಪ ದೆಹಲಿಯಲ್ಲಿ ಕೊಬ್ಬರಿ ಇಳಿಸಿ ವಾಪಸು ಬರುತ್ತಿದ್ದ. ಅವನ ಮುಖ ನೋಡಿ ಬಹಳ ದಿನವಾಗಿತ್ತು. ಹನುಮಮ್ಮ ಹಲ್ಲು ಬಿಟ್ಟು ನಗುತ್ತಾ, ಆಗತಾನೇ ಕೊಂಡಿದ್ದ ಹುಲ್ಲಿನ ಪೊರಕೆಯನ್ನೇ ಎತ್ತಿ ಬೀಸಿದಳು. ಲಾರಿ ಹತ್ತಿರ ಬಂತು. ಉಗ್ರಪ್ಪ ನೇರವಾಗಿ ಅವಳ ಮುಖವನ್ನೇ ನೋಡಿದ. ಲಾರಿ ಮಾತ್ರ ನಿಲ್ಲಲಿಲ್ಲ. ಅವಳ ಮೂಗಿನ ಮುಂದೆಯೇ ಭರ್ರೆಂದು ಹಾದು, ಕೈಯಲ್ಲಿದ್ದ ಪೊರಕೆಯನ್ನೂ ಕಿತ್ತುಕೊಂಡು ಹೋಯಿತು.

ಹಿಂದೆಯೇ ಬಂದ ಸರ್ಕಾರಿ ಬಸ್ಸು ಹತ್ತಿದ ಹನುಮಮ್ಮ ಟಿಕೆಟ್ ತೆಗೆಸುವ ಮೊದಲೇ ಜಗಳ ಶುರು ಮಾಡಿದಳು. ಜಗಳವಾಡಬೇಕಾದ ಗಂಡ ಅಲ್ಲಿರಲಿಲ್ಲ, ನಿಜ. ಅಷ್ಟು ಕೋಪ ಬಂದಾಗ ಅದನ್ನೆಲ್ಲ ಯಾರು ನೋಡುತ್ತಾರೆ? ಸದ್ಯಕ್ಕೆ ಬಸ್ಸಿನ ಡ್ರೈವರ್ ಭೀಮರಾಜ್ ಸಿಕ್ಕಿದ. ಅವನು ಅವಳ ಬೀದಿಯವನೇ, ಉಗ್ರಪ್ಪನನ್ನು ಅಣ್ಣ ಎಂದು ಕರೆಯುವವನು.

“ನೋಡ್ದೇನಪ್ಪ ಭೀಮಣ್ಣ, ನಿಮ್ಮಣ್ಣನ ಕೆಲ್ಸಾವ? ನನ್ ಮುಖ ನೋಡ್ಕಂಡೇ ಹೋದ! ಕಟ್ಕಂಡ ಹೆಂಡ್ತೀನ ಬೀದೀಲಿ ಬಿಟ್ಟು ಹೋದ!”

“ಕಂಡಿರಲ್ಲ ಬಿಡಕ್ಕ.”

“ಕಂಡಿಲ್ವಾ? ಹಂಗಾರೆ ಪೊರಕೆ ಹೆಂಗೆ ಕಾಣ್ತು? ಹೆಂಡ್ತಿ ಬ್ಯಾಡ, ಪೊರಕೆ ಸಾಕು ಅಂತ ಕಿತ್ಕಂಡು ಹೋಗವ್ನೆ!”

ಬಸ್ಸಿಗೆ ಬಸ್ಸೇ ನಕ್ಕಿತು. ಹನುಮಮ್ಮನ ಪಕ್ಕದಲ್ಲಿ ಶಿವಗಂಗಮ್ಮ ಕೂತಿದ್ದರು. ಉಗ್ರಪ್ಪ ಓಡಿಸುವ ಲಾರಿಯ ಮಾಲೀಕರಾದ ಕೊಬ್ಬರಿ ಮಂಡಿಯ ದೇವೀರಪ್ಪನವರ ಹೆಂಡತಿ. ಬಾಣಾವರದಲ್ಲಿ ತಂಗಿಯನ್ನು ನೋಡಲು ಹೋಗಿದ್ದವರು ಹನುಮಮ್ಮನ ಜೊತೆಯೇ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಅವರೂ ಒಂದು ಒಗ್ಗರಣೆ ಹಾಕಿದರು. “ದಿಲ್ಲೀಲಿ ಯಾವಳೋ ಪೊರಕೆ ತಂದ್ಕೊಡು ಅಂದಿರ್ಬೇಕು ಕಣೇ ಹನುಮಿ.”

ಅಲ್ಲಿಂದ ಅರಸೀಕೆರೆಯ ತನಕ ಹನುಮಮ್ಮ ಬಾಯಿ ಮುಚ್ಚಲಿಲ್ಲ.

ಉಗ್ರಪ್ಪನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಮನುಷ್ಯ ಒಳ್ಳೆಯವನು, ಕುಡಿತವಿಲ್ಲ, ಬೀಡಿ ಇಲ್ಲ. ಇದ್ದದ್ದು ಒಂದೇ ಒಂದು ಜಂಬ. ನಿದ್ದೆ ಸೋಮಾರಿಗಳ ಕಾಯಿಲೆ, ತನಗೆ ಅದು ಬರುವುದಿಲ್ಲ ಎನ್ನುತ್ತಿದ್ದ. ಕಣ್ಣು ಎಳೆದರೆ ತಲೆನೋವಿನ ಮುಲಾಮನ್ನು ಕಣ್ಣ ಕೆಳಗೆ ಬಳಿದುಕೊಳ್ಳುತ್ತಿದ್ದ, ಹಸಿಮೆಣಸಿನಕಾಯಿ ಕಚ್ಚುತ್ತಿದ್ದ. ಡ್ಯೂಟಿ ಮುಗಿದ ಮೇಲೆ ಮಲಗುವ ಭೀಮರಾಜ್ ಎಂದರೆ ಅವನಿಗೆ ತಮಾಷೆ. “ಬೇಲೂರಿಗೆ ಹೋಗ್ಬಂದು ಹಾಸಿಗೆ ಕೇಳೋನು ಯಾವ ಡ್ರೈವರ್ಲಾ? ನಂದು ನೋಡು, ಗಾಡೀಗೇ ದಾರಿ ಗೊತ್ತು” ಎಂದು ಜಗಲಿಯ ಮೇಲೆ ಕೂತು ಗೇಲಿ ಮಾಡುತ್ತಿದ್ದ.

ಅರಸೀಕೆರೆ ಇನ್ನೇನು ಬಂತು ಎನ್ನುವಾಗ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ರೈಲು ಹೋಯಿತು, ಗೇಟು ತೆರೆಯಿತು, ಬಸ್ಸು ಮಾತ್ರ ಹೊರಡಲಿಲ್ಲ. ಮುಂದೆ ಯಾವುದೋ ಲಾರಿ ಅಲುಗಾಡದೆ ನಿಂತಿತ್ತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸತೊಡಗಿದವು. ಬಸ್ಸಿನವರು ಆ ಡ್ರೈವರ್‌ನ ವಂಶವನ್ನು ಬಯ್ಯಲು ಶುರು ಮಾಡಿದಾಗ, ಕೋಪ ಇನ್ನೂ ಆರದ ಹನುಮಮ್ಮನೂ ಕೈಜೋಡಿಸಿದಳು. “ಯಾವ ಪಾಪದೋಳು ಕಟ್ಕಂಡವ್ಳೋ ಅವನ್ನ! ಅವಳಾದ್ರೂ ಒಂದು ಬುದ್ಧಿ ಹೇಳ್ಬಾರ್ದಾ?”

ಇಳಿದು ಮುಂದೆ ಹೋಗಿ ನೋಡಿದರೆ ಆ ಪಾಪದವಳು ತಾನೇ.

ಉಗ್ರಪ್ಪ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟು, ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ಕೂತಿದ್ದ. ಕಣ್ಣು ಅರ್ಧ ತೆರೆದಿತ್ತು. ಅದರ ಕೆಳಗೆ ಮುಲಾಮು ಮಿಂಚುತ್ತಿತ್ತು. ತುಟಿಯ ಸಂದಿಯಲ್ಲಿ ಕಚ್ಚಿ ಬಿಟ್ಟ ಮೆಣಸಿನಕಾಯಿ ಇತ್ತು. ಗೊರಕೆಯೂ ಇತ್ತು. ಕ್ಲೀನರ್ ಜ್ವರ ಬಂದು ಹುಬ್ಬಳ್ಳಿಯಲ್ಲೇ ಇಳಿದುಬಿಟ್ಟಿದ್ದರಿಂದ ಎಬ್ಬಿಸುವವರು ಯಾರೂ ಇರಲಿಲ್ಲ.

“ಲೇ ಉಗ್ರಪ್ಪಾ!”

ಅಷ್ಟೊಂದು ಹಾರ್ನುಗಳಿಂದ ಆಗದ ಕೆಲಸ ಹನುಮಮ್ಮನ ಆ ಒಂದು ಕೂಗಿನಿಂದ ಆಯಿತು. ಉಗ್ರಪ್ಪ ಬೆಚ್ಚಿಬಿದ್ದು ಎದ್ದ. ಎದ್ದವನೇ ಹಾರ್ನ್ ಒತ್ತಿ ಅಬ್ಬರಿಸಿದ. “ಎಷ್ಟೊತ್ರಯ್ಯ ಕಾಯೋದು? ಗೇಟ್ ತೆಗೀರೋ!”

ಎದುರಿಗೆ ಗೇಟು ಬಾಯಿ ತೆರೆದು ನಿಂತಿತ್ತು.

“ಅಣ್ಣ, ರೈಲು ಹೋಯ್ತಾ?” ಭೀಮರಾಜ್ ಕೆಳಗಿನಿಂದ ಮೆಲ್ಲಗೆ ಕೇಳಿದ.

“ಎಲ್ ಹೋಯ್ತು? ಇನ್ನೂ ಬಂದೇ ಇಲ್ಲ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ರೈಲಿನವರು ಅಷ್ಟು ಹೊತ್ತಿಗೆ ಸ್ಟೇಷನ್ನಿನಲ್ಲಿ ಇಳಿದು ಟೀ ಕುಡಿಯುತ್ತಿದ್ದರು. ಭೀಮರಾಜ್ ಅವನನ್ನು ಕೆಳಗಿಳಿಸಿ, ಲಾರಿಯನ್ನು ತಾನೇ ತೆಗೆದು ಗೇಟಿನಾಚೆಯ ಬಯಲಿಗೆ ಹಾಕಿ, ಕೀಲಿಯನ್ನು ಅವನ ಕೈಗೆ ಕೊಟ್ಟ. ಬಸ್ಸನ್ನೂ ತಂದು ಪಕ್ಕಕ್ಕೆ ನಿಲ್ಲಿಸಿದ. ಕಂಡಕ್ಟರ್ ವಿಶಲ್ ಊದಿ ಊದಿ ಸಾಕಾಗಿ, ಜಗಳ ನೋಡಲು ತಾನೂ ಇಳಿದ.

“ನಾನೇನು ನಿದ್ದೆ ಮಾಡ್ತಿರ್ಲಿಲ್ಲ, ಸುಮ್ನೆ ಯೋಚ್ನೆ ಮಾಡ್ತಿದ್ದೆ” ಎಂದ ಉಗ್ರಪ್ಪ.

“ಯಾರನ್ನ ಯೋಚ್ನೆ ಮಾಡ್ತಿದ್ದೆ?” ಹನುಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಬಾಣಾವರದಲ್ಲಿ ನನ್ನ ಯಾಕಯ್ಯ ಹತ್ತಿಸ್ಕಳ್ಳಿಲ್ಲ? ಕಣ್ಣಾಗೆ ಕಣ್ಣಿಟ್ಟು ನೋಡ್ದೆಯಲ್ಲ!”

“ಬಾಣಾವರ ಯಾವಾಗ ಬಂತೇ? ಈಗಿನ್ನೂ ಕಡೂರಲ್ಲಿ ಟೀ ಕುಡ್ದು ಹೊಂಟಿವ್ನಿ.”

“ಆಹಾ! ಹಂಗಾರೆ ನನ್ ಪೊರಕೆ ಹಾರ್ಕಂಡು ಬಂತಾ?”

ಅವಳು ಬೆರಳು ಮಾಡಿದ ಕಡೆಗೆ ಎಲ್ಲರೂ ತಿರುಗಿದರು. ಲಾರಿಯ ಎಡಬದಿಯಲ್ಲಿ, ಟಾರ್ಪಾಲಿನ ಹಗ್ಗ ಕಟ್ಟುವ ಕೊಕ್ಕೆಗೆ ಪೊರಕೆಯ ದಾರ ಸಿಕ್ಕಿಕೊಂಡು ಪೊರಕೆ ನೇತಾಡುತ್ತಿತ್ತು. ಮತ್ತೆ ನಗು ಎದ್ದಿತು. ಉಗ್ರಪ್ಪ ನಗಲಿಲ್ಲ. ಹತ್ತಿರ ಹೋಗಿ ಪೊರಕೆಯನ್ನು ಮುಟ್ಟಿ ನೋಡಿದ. ಕೊಕ್ಕೆ ನೋಡಿದ. ಹೆಂಡತಿಯ ಕೈ ನೋಡಿದ.

“ನೀನು ಎಲ್ಲಿ ನಿಂತಿದ್ದೆ?”

“ಎಲ್ಲಿ ಅಂದ್ರೆ? ರಸ್ತೆ ಅಂಚಿಗೆ.”

“ಇವತ್ತು ಸಂತೆಯೇನೇ?”

“ಸಂತೆ ಕಣಯ್ಯ. ರಸ್ತೆ ತುಂಬಾ ಜನ ಇದ್ರು. ಮಕ್ಕಳು ಮರಿ ಎಲ್ಲಾ.”

ಉಗ್ರಪ್ಪನಿಗೆ ಕಡೂರಿನ ಟೀ ನೆನಪಿತ್ತು. ಆಮೇಲೆ ಹೆಂಡತಿಯ ಕೂಗು ನೆನಪಿತ್ತು. ನಡುವೆ ಏನೂ ಇರಲಿಲ್ಲ. ಅವನು ಲಾರಿಯ ಮುಂದಕ್ಕೆ ಹೋಗಿ ಬಂಪರಿನ ಮೇಲೆ ಕೈಯಾಡಿಸಿದ. ಆಮೇಲೆ ಮಂಡಿಯೂರಿ ಒಂದೊಂದೇ ಚಕ್ರವನ್ನು ನೋಡತೊಡಗಿದ. ಏನು ಹುಡುಕುತ್ತಿದ್ದಾನೆಂದು ತಿಳಿದಾಗ ಬಯಲಿನಲ್ಲಿ ನಗು ನಿಂತುಹೋಯಿತು. ಬಾಣಾವರದಿಂದ ಹನುಮಮ್ಮ ಬಯ್ದದ್ದಕ್ಕೆಲ್ಲ ಅರ್ಥ ಬೇರೆಯೇ ಆಗಿತ್ತು. ಗಂಡ ತನ್ನನ್ನು ನೋಡಿಯೂ ನಿಲ್ಲಿಸಲಿಲ್ಲವೆಂದು ಅವಳು ಉರಿದುಬಿದ್ದಿದ್ದಳು. ಅವನು ನೋಡಿರಲೇ ಇಲ್ಲ.

ಕೊನೆಯ ಚಕ್ರವನ್ನೂ ನೋಡಿ ಅವನು ನೆಲದ ಮೇಲೆ ಕುಸಿದು ಕೂತ. “ಏನೂ ಇಲ್ಲ” ಎಂದ. ಕಣ್ಣಲ್ಲಿ ನೀರು ಬಂದದ್ದು ಮುಲಾಮಿನಿಂದಲ್ಲ.

ಭೀಮರಾಜ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅಣ್ಣ, ಕಣ್ಣು ಬಿಟ್ಕೊಂಡೇ ನಿದ್ದೆ ಬರುತ್ತೆ. ಕೈ ಸ್ಟೀರಿಂಗ್ ಹಿಡಿದಿರುತ್ತೆ, ಕಾಲು ಪೆಡಲ್ ಒತ್ತಿರುತ್ತೆ, ತಲೆ ಮಲಗಿಬಿಟ್ಟಿರುತ್ತೆ. ಮೆಣಸಿನಕಾಯಿ ಬಾಯಿ ಉರಿಸುತ್ತೆ ಅಷ್ಟೇ, ನಿದ್ದೆ ಓಡ್ಸಲ್ಲ. ನಿದ್ದೆಗೆ ನಿದ್ದೇನೇ ಮದ್ದು.”

ಅಷ್ಟರಲ್ಲಿ ಲಾರಿ ಹುಡುಕಿಕೊಂಡು ದೇವೀರಪ್ಪನವರ ಸ್ಕೂಟರ್ ಬಂತು. ಅವರಿಗೆ ಇದ್ಯಾವುದೂ ಗೊತ್ತಿಲ್ಲ.

“ಏನ್ಲಾ ಉಗ್ರ, ಬೆಳಿಗ್ಗೆ ದಾವಣಗೆರೆಯಿಂದ ಎಸ್‌ಟಿಡಿ ಮಾಡಿ ಬತ್ತೀನಿ ಅಂದೋನು ಇಲ್ಲಿ ಕೂತಿದ್ದೀಯ? ಮಂಡೀಲಿ ಲೋಡು ಕಾಯ್ತಾ ಐತೆ. ಮುಖ ತೊಳ್ಕಂಡು ಹೊರಡು.”

ಉಗ್ರಪ್ಪ ಎದ್ದು ನಿಂತು ಲಾರಿಯ ಕೀಲಿಯನ್ನು ಅವರ ಮುಂದೆ ಹಿಡಿದ. “ಇವತ್ತು ನಾನು ಓಡ್ಸಲ್ಲ ಸಾವ್ಕಾರ್ರೇ. ಸಂತೆ ಮಧ್ಯದಲ್ಲಿ ನಿದ್ದೆ ಮಾಡ್ಕಂಡು ಬಂದಿವ್ನಿ.”

“ಎಲ್ಲಾ ಡ್ರೈವರ್‌ಗಳೂ ಹಂಗೇ ಬತ್ತಾರೆ ಕಣೋ. ಆಗಲ್ಲ ಅಂದ್ರೆ ಬುಡು. ಅರಸೀಕೆರೇಲಿ ಡ್ರೈವರ್‌ಗಳಿಗೇನು ಬರಗಾಲವಾ?”

ಈ ಕೆಲಸ ಹೋದರೆ ಮುಂದೇನು ಎಂದು ಹನುಮಮ್ಮ ಲೆಕ್ಕ ಹಾಕಿದಳು. ಆದರೂ ಕೀಲಿ ವಾಪಸು ತಗೋ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಭೀಮರಾಜ್ ಎದ್ದ. “ಸಾವ್ಕಾರ್ರೇ, ಬೇರೆಯವನು ಬಂದ್ರೂ ಅವನೂ ಮನುಷ್ಯನೇ. ಡ್ರೈವರ್‌ಗೆ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಕಾನೂನಿದೆ. ಐದು ಗಂಟೆ ಕೆಲ್ಸ ಆದ್ಮೇಲೆ ಅರ್ಧ ಗಂಟೆಯಾದ್ರೂ ಬಿಡುವು ಕೊಡ್ಬೇಕು. ನಿಮ್ಮದು ನ್ಯಾಷನಲ್ ಪರ್ಮಿಟ್ ಗಾಡಿ. ಇಬ್ಬರು ಡ್ರೈವರ್ ಇರ್ಬೇಕು, ಒಬ್ಬ ಓಡಿಸ್ವಾಗ ಇನ್ನೊಬ್ಬ ಮೈಚಾಚಿ ಮಲಗೋಕೆ ಸೀಟಿನ ಹಿಂದೆ ಜಾಗ ಇರ್ಬೇಕು.”

“ಜಾಗ ಐತಲ್ಲಪ್ಪ! ಎರಡನೇ ಡ್ರೈವರೂ ಅವ್ನೆ. ಕಾಗದದಲ್ಲಿ ನಮ್ ಬಾಮೈದನ ಹೆಸ್ರು ಹಾಕ್ಸಿಲ್ವಾ?”

ಹನುಮಮ್ಮ ಮತ್ತೇನೂ ಕೇಳಿಸಿಕೊಳ್ಳಲಿಲ್ಲ. ಸೀರೆ ಎತ್ತಿ ಕಟ್ಟಿ ಲಾರಿ ಹತ್ತಿದಳು. “ಹಂಗಾರೆ ನಾನೂ ದಿಲ್ಲಿಗೆ ಹೋಯ್ತೀನಿ. ಹಿಂದ್ಗಡೆ ಕೂತ್ಕಂಡು ಊರೂರಿಗೂ ಇವನ ಕಿವಿ ಹಿಂಡ್ತೀನಿ. ಎಲ್ಲೈತೆ ಜಾಗ, ನೋಡಾನ!”

ಒಳಗಿನಿಂದ ಸಾಮಾನು ಒಂದೊಂದಾಗಿ ಕೆಳಕ್ಕೆ ಬೀಳತೊಡಗಿತು. ಒಂದು ಬಕೆಟ್ಟು, ಒಂದು ಕಬ್ಬಿಣದ ಟ್ರಂಕು, ಆಮೇಲೆ ದಪ್ಪ ದಪ್ಪ ಹೂವಿನ ರಜಾಯಿಗಳು.

“ಅಯ್ಯೋ, ನನ್ ರಜಾಯಿ!” ಶಿವಗಂಗಮ್ಮ ಓಡಿಬಂದು ಒಂದನ್ನು ಎದೆಗೆ ಅವಚಿಕೊಂಡರು. ದೆಹಲಿಯಿಂದ ತರಿಸಿದ್ದು ಅವರೇ. ಕ್ಯಾಬಿನ್ನಿನ ಕಡೆಗೊಮ್ಮೆ, ಉಗ್ರಪ್ಪನ ಕಡೆಗೊಮ್ಮೆ ನೋಡಿದರು. ಮನುಷ್ಯ ಮಲಗಬೇಕಾದ ಜಾಗದಲ್ಲಿ ಅವರ ರಜಾಯಿ ಮಲಗಿಕೊಂಡು ಬಂದಿತ್ತು. ಗಂಡನ ಕಡೆ ತಿರುಗಿದಾಗ ದನಿ ಬದಲಾಗಿತ್ತು.

“ಎರಡನೇ ಡ್ರೈವರ್ ಯಾರು ಅಂದ್ರಿ? ನನ್ ತಮ್ಮನಾ? ಅವನು ಬಸ್ಸಲ್ಲಿ ಕೂತ್ರೇ ವಾಂತಿ ಮಾಡ್ಕಳ್ತಾನೆ ಕಣ್ರೀ!”

“ಸುಮ್ನಿರೇ, ಜನ ಅವ್ರೆ...”

“ಇರ್ಲಿ. ಬಾಣಾವರದಲ್ಲಿ ಹನುಮಿ ಪಕ್ಕದಲ್ಲಿ ನಿಂತಿದ್ದೋಳು ನಾನೇ. ಅವಳ ಕೈಯಲ್ಲಿದ್ದ ಪೊರಕೆ ಹೋಯ್ತು. ಗಾಡಿ ಇನ್ನೊಂದು ಗೇಣು ಈಚೆಗೆ ಬಂದಿದ್ರೆ ಇಬ್ರೂ ಹೋಗ್ತಿದ್ವಿ. ಆಮೇಲೆ ಈ ರಜಾಯಿ ಯಾರಿಗೆ ಹೊದಿಸ್ತಿದ್ರಿ?”

ದೇವೀರಪ್ಪ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಉಗ್ರಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ಜೇಬಿಗಿಳಿಸಿ, “ಲೋಡು ನಾಳೆ ಹೋಗ್ಲಿ” ಎಂದರು. ಸ್ಕೂಟರ್ ಹತ್ತುವ ಮೊದಲು, “ಕಣಕಟ್ಟೆ ಚನ್ನಪ್ಪ ಕೆಲ್ಸ ಕೇಳ್ಕಂಡು ಬಂದಿದ್ದ. ಅವನನ್ನೂ ಕರಿ. ಇನ್ಮೇಲೆ ಇಬ್ರೂ ಹೋಗಿ” ಎಂದರು. ಮಾರನೆಯ ದಿನದಿಂದ ಮಂಡಿಯಲ್ಲಿ ಇಬ್ಬರು ಡ್ರೈವರ್‌ಗಳ ಲಾಭದ ಬಗ್ಗೆ ಭಾಷಣ ಮಾಡತೊಡಗಿದರು, ತಮಗೇ ಹೊಳೆದ ಉಪಾಯವೆಂಬಂತೆ.

ಉಗ್ರಪ್ಪ ಮನೆಗೆ ಹೋಗಿ ಮಲಗಿದವನು ಊಟಕ್ಕೂ ಏಳಲಿಲ್ಲ. ಅವನ ಗೊರಕೆಗೆ ಮನೆಯ ತಟ್ಟೆಲೋಟ ನಡುಗುತ್ತಿದ್ದವು. ಯಾವಾಗಲೂ ಬಯ್ಯುತ್ತಿದ್ದ ಹನುಮಮ್ಮ ಆ ದಿನ ಪಕ್ಕದಲ್ಲೇ ಕೂತು ಕೇಳಿದಳು. ಕೇಳುತ್ತಾ ಕೇಳುತ್ತಾ ಅತ್ತುಬಿಟ್ಟಳು.

ಈಗ ಉಗ್ರಪ್ಪನೂ ಚನ್ನಪ್ಪನೂ ಸರದಿಯಲ್ಲಿ ಓಡಿಸುತ್ತಾರೆ. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದೆ ಮಲಗುತ್ತಾನೆ. ಟೀ ಅಂಗಡಿ ಕಂಡಲ್ಲಿ ಇಳಿದು ಮೈಮುರಿಯುತ್ತಾರೆ. ಹೊಸ ಕಾಟವೆಂದರೆ, ಉಗ್ರಪ್ಪ ಮನೆಗೆ ಬಂದು ಮುದ್ದೆ ಮುಂದೆ ಕೂತರೆ ದಾಟಿದ ಊರುಗಳ ಹೆಸರನ್ನೆಲ್ಲ ಒಪ್ಪಿಸುತ್ತಾನೆ. “ದಾವಣಗೆರೆ, ಬೀರೂರು, ಕಡೂರು, ಬಾಣಾವರ... ಬಾಣಾವರದಲ್ಲಿ ಎಮ್ಮೆ ಅಡ್ಡ ಬಂತು ಕಣೇ, ನಿಲ್ಸಿದೆ!” ಹನುಮಮ್ಮ, “ಸಾಕು, ಉಣ್ಣಯ್ಯ” ಎನ್ನುತ್ತಾಳೆ. ಎಂದರೂ ಪೂರ್ತಿ ಕೇಳುತ್ತಾಳೆ.

ಡ್ರೈವರ್ ಅಣ್ಣಂದಿರೇ, ನಿದ್ದೆ ಬರುವುದು ಅವಮಾನವಲ್ಲ. ಗಾಡಿ ಓಡಿಸುತ್ತಾ ಆಗಾಗ ನಿಮ್ಮನ್ನೇ ಕೇಳಿಕೊಳ್ಳಿ: ಈಗ ದಾಟಿದ ಊರು ಯಾವುದು? ಹೆಸರು ತಟ್ಟನೆ ಬಾಯಿಗೆ ಬರದಿದ್ದರೆ ಮುಂದಿನ ಊರಿನ ತನಕವೂ ಹೋಗಬೇಡಿ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಮಲಗಿಬಿಡಿ. ಮಾಲೀಕರೇ, ದೂರದ ಗಾಡಿಗೆ ಇಬ್ಬರನ್ನು ಕಳಿಸಿ, ಮಲಗುವ ಜಾಗವನ್ನು ಮಲಗುವವರಿಗೇ ಬಿಡಿ. ಮನೆಯಲ್ಲಿರುವ ತಾಯಂದಿರೇ, ಅಕ್ಕತಂಗಿಯರೇ, ದಣಿದು ಬಂದವನನ್ನು ಮತ್ತೆ ಹೊರಡಿಸಲು ಯಾರಾದರೂ ಬಂದರೆ ಬಾಗಿಲಿಗೆ ಅಡ್ಡ ನಿಲ್ಲಿ. ನಿಮ್ಮವರಿಗೆ ನೆನಪಿಲ್ಲದ ಊರಿನಲ್ಲೂ ರಸ್ತೆ ಅಂಚಿಗೆ ಯಾರೋ ನಿಂತಿರುತ್ತಾರೆ. ಅವರೂ ಮನೆ ಸೇರಬೇಕು, ನಿಮ್ಮವರೂ ಸೇರಬೇಕು.